ಮುಖ ನೋಡಿ ಒತ್ತು

ಊಟದ ಮೇಜಿನ ಮೇಲಿದ್ದ ನೀರಿನ ಜಗ್ಗು, ಉಪ್ಪಿನ ಡಬ್ಬಿ, ಮಗನ ಹಳೇ ಪೇಪರು ಎಲ್ಲವನ್ನೂ ಕಿಟಕಿಯ ಕಟ್ಟೆಗೆ ಸಾಗಿಸಿ, ಮೇಜಿನ ಮೇಲೆ ಎರಡು ಕಂಬಳಿ ಹಾಸಿ, ಸೊಸೆ ನನ್ನನ್ನು ಕರೆದಳು.

"ಹತ್ತಿ ಮಲಕ್ಕೊಳ್ಳಿ ಅತ್ತೆ."

"ಇವತ್ತು ನನ್ನನ್ನೇ ಬಡಿಸ್ತೀಯೇನೇ?"

"ಮಂಚ ತೀರಾ ತಗ್ಗು. ಕ್ಯಾಮೆರಾ ನಿಲ್ಲಿಸೋಕೆ ಆಗಲ್ಲ."

ಇದು ಹೋದ ವರ್ಷದ ಮಾತು. ನನ್ನ ಸೊಸೆ ಡಾಕ್ಟರು. ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಅವತ್ತು ಅವನ ಕೈಗೆ ಉದ್ದ ಹಿಡಿಯ ದೀಪವೊಂದನ್ನು ಕೊಟ್ಟು ನಿಲ್ಲಿಸಿದ್ದಳು. ನಾನು ರವಿಕೆಯ ಕೆಳಗಿನ ಸೆರಗು ಸರಿಸಿದ್ದೇ ತಡ, ಅವನು ದೀಪದ ಸಮೇತ ಗೋಡೆಯ ಕಡೆ ತಿರುಗಿಬಿಟ್ಟ.

"ಲೈಟ್ ಇಲ್ಲಿ ಹಿಡೀರಿ. ಗೋಡೆಗೇನು ಕಾಯಿಲೆ?" ಅಂದಳು ಸೊಸೆ.

"ಅಮ್ಮನ ಹೊಟ್ಟೆ ಹೆಂಗೆ ನೋಡ್ಲಿ ಮಾರಾಯ್ತಿ?"

"ಅದರೊಳಗೇ ಒಂಬತ್ತು ತಿಂಗಳು ಕಾಲು ಚಾಚಿಕೊಂಡು ಇದ್ದೆಯಲ್ಲೋ, ಆವಾಗ ನಾಚಿಕೆ ಇರ್ಲಿಲ್ವಾ?" ಅಂದೆ ನಾನು.

ಅವನು ಕಣ್ಣು ಮುಚ್ಚಿಕೊಂಡು ದೀಪ ತಿರುಗಿಸಿದ. ಸೊಸೆ ಒಂದು ಕಪ್ಪು ಬಟ್ಟೆ ತಂದು ನನ್ನ ಎದೆಯಿಂದ ಮೇಲಕ್ಕೆ, ಮುಖವೂ ಮುಚ್ಚುವಂತೆ ಹೊದಿಸಿದಳು.

"ಮುಖ ಬೇಡ್ವಾ?"

"ಬೇಡ ಅತ್ತೆ. ಯಾರ ಹೊಟ್ಟೆ ಅಂತ ನೂರಾರು ಹುಡುಗರಿಗೆ ಗೊತ್ತಾಗ್ಬಾರ್ದು. ಗೋಪ್ಯವಾಗಿರ್ಬೇಕು ಅಂತ ನಿಯಮ."

ನಿಯಮದಲ್ಲಿ ತಪ್ಪೇನೂ ಕಾಣಲಿಲ್ಲ. ಬಟ್ಟೆಯ ಕತ್ತಲೆಯಲ್ಲಿ ಮಲಗಿ ಅವಳ ಬೆಚ್ಚಗಿನ ಕೈ ಹೊಟ್ಟೆಯ ಮೇಲೆ ಓಡಾಡುತ್ತಿದ್ದಾಗ, ಅವಳು ಕ್ಯಾಮೆರಾಗೆ ಹೇಳುವ ಪಾಠವನ್ನು ಕೇಳಿಸಿಕೊಂಡೆ. ಮುಗಿದ ಮೇಲೆ ನನ್ನನ್ನು ಎಬ್ಬಿಸಿ ಕೂರಿಸಿದಳು. ಅದೇ ಮೇಜಿನ ಮೇಲೆ ಮೂವರೂ ಊಟ ಮಾಡಿದೆವು.

ನನ್ನ ಹೊಟ್ಟೆಗೆ ಅಷ್ಟು ಬೆಲೆ ಏಕೆಂದರೆ, ಎಡ ಪಕ್ಕೆಲುಬಿನ ಕೆಳಗೆ ಗುಲ್ಮ ಎಂಬ ಅಂಗ ಊದಿಕೊಂಡಿದೆ. ಎಲ್ಲರಿಗೂ ಅದು ಪಕ್ಕೆಲುಬಿನ ಮರೆಯಲ್ಲಿ ಮುಷ್ಟಿಯಷ್ಟು ಇದ್ದು ತನ್ನ ಪಾಡಿಗೆ ತಾನಿರುತ್ತದಂತೆ. ನನ್ನದು ಒಂದು ರಕ್ತದ ಕಾಯಿಲೆಯಿಂದ ಬೆಳೆದು ಮನೆಯ ಹೊರಗೆ ಕಾಲಿಟ್ಟಿದೆ. ನಿಧಾನದ ಕಾಯಿಲೆ, ಅದಕ್ಕೂ ಅವಸರವಿಲ್ಲ, ನನಗೂ ಇಲ್ಲ. ವರ್ಷಕ್ಕೆ ಒಂದೆರಡು ಸಲ ರಕ್ತ ಏರಿಸಿಕೊಳ್ಳಲು ಆ ಕಾಲೇಜಿನ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಸೇರುತ್ತೇನೆ. ಅಲ್ಲಿ ನನ್ನ ಹೊಟ್ಟೆ ಮುಟ್ಟಿ ಕಲಿತವರು ಇವತ್ತು ಎಲ್ಲೆಲ್ಲಿ ಡಾಕ್ಟರಾಗಿದ್ದಾರೋ.

ವಾರ್ಡಿನಲ್ಲಿ ಪಾಠ ಹೇಳುತ್ತಿದ್ದವರು ಒಬ್ಬ ಹಳೆಯ ಪ್ರೊಫೆಸರು. ಬೆನ್ನು ಸ್ವಲ್ಪ ಬಾಗಿದೆ, ಜೇಬಿನಲ್ಲಿ ಯಾವಾಗಲೂ ಲವಂಗ. ಹುಡುಗರು ಅವರಿಗೆ 'ಮುಖನೋಡಿ ಮೇಷ್ಟ್ರು' ಅಂತ ಹೆಸರಿಟ್ಟಿದ್ದರು. ಯಾಕೆಂದರೆ ಅವರ ಪಾಠವೆಲ್ಲ ಆ ಒಂದೇ ಮಾತಿನಿಂದ ಶುರು. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೋ. ಸ್ಟೂಲ್ ಎಳೆದು ಕೂತುಕೋ, ಮಲಗಿದವರ ಮೇಲೆ ಮರದ ಹಾಗೆ ನಿಲ್ಲಬೇಡ. ಹೊಟ್ಟೆಯ ಬಲಗಡೆ ತಳದಿಂದ ಶುರುಮಾಡಿ ಮೆಲ್ಲಗೆ ಎಡ ಪಕ್ಕೆಲುಬಿನ ಕಡೆ ಏರು. ಕಣ್ಣು ಮಾತ್ರ ಕೈಯ ಮೇಲೆ ಬೇಡ. ಮುಖ ನೋಡಿ ಒತ್ತು.

ಒಂದು ಸಲ ತೆಳ್ಳಗಿನ ಒಂದು ಹುಡುಗಿ ನಡುಗುತ್ತ ನನ್ನ ಪಕ್ಕ ಕೂತು, "ನೋವಾದ್ರೆ ಹೇಳಿ ಅಮ್ಮಾ" ಅಂದಳು.

ಮೇಷ್ಟ್ರು ಲವಂಗ ಅಗಿಯುತ್ತ, "ಅವರು ಹೇಳಲ್ಲ," ಅಂದರು. "ಈ ವಾರ್ಡಿನಲ್ಲಿ ಯಾರೂ ಹೇಳಲ್ಲ. ಇಷ್ಟು ವರ್ಷ ಹೇಳದೇ ಬಂದವರು ನಿನಗೆ ಯಾಕೆ ಹೇಳ್ತಾರೆ? ನೀನೇ ನೋಡ್ಬೇಕು."

ಆ ಹುಡುಗಿ ನೋಡಿದಳು. ಒತ್ತುತ್ತ ಒತ್ತುತ್ತ ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ನನ್ನ ಹುಬ್ಬು ಒಂದು ಎಳೆಯಷ್ಟು ಅಲುಗಿತೋ ಇಲ್ಲವೋ, ಕೈ ಎತ್ತಿಬಿಟ್ಟಳು. ಮಾರನೇ ದಿನ ಹೇಗಿದ್ದೀರಿ ಅಂತ ವಿಚಾರಿಸಲು ಬಂದಳು. ಅದರ ಮಾರನೇ ದಿನವೂ ಬಂದಳು. ಅಷ್ಟರಲ್ಲಿ ನನಗೆ ಊಟದ ಡಬ್ಬಿ ತರುತ್ತಿದ್ದ ಮಗನ ಗುರುತು ಅವಳಿಗಾಯಿತು. ಗುಲ್ಮ ಹುಡುಕಿಕೊಂಡು ಬಂದವಳು ಗಂಡನನ್ನು ಹುಡುಕಿಕೊಂಡಳು ಅಂತ ವಾರ್ಡಿನ ಹೆಂಗಸರು ಈಗಲೂ ನಗುತ್ತಾರೆ. ನನ್ನ ಸೊಸೆ ಅವಳೇ.

ಆಮೇಲೆ ಕಾಲ ಬದಲಾಯಿತು. ಕಾಲೇಜು ಸೀಟು ಎರಡು ಪಟ್ಟು ಮಾಡಿತು, ಮಂಚಗಳು ಇದ್ದಷ್ಟೇ ಉಳಿದವು. ಒಂದು ಮಂಚದ ಸುತ್ತ ಇಪ್ಪತ್ತು ಇಪ್ಪತ್ತೈದು ಜನ ಮುತ್ತಿಕೊಳ್ಳತೊಡಗಿದರು. ಹಿಂದಿನವರಿಗೆ ಏನೂ ಕಾಣದು, ಮುಂದಿನವರಿಗೆ ಉಸಿರು ಬಿಡಲು ಜಾಗವಿಲ್ಲ. ಒಂದು ಸಾಯಂಕಾಲ ನಾನು ಮನೆಗೆ ಬಂದು ಬಿಸಿನೀರಿನ ಚೀಲ ಹೊಟ್ಟೆಗೆ ಒತ್ತಿಕೊಂಡು ಮೂಲೆಯಲ್ಲಿ ಕೂತಿದ್ದೆ. ಸೊಸೆ ಬಂದು ನೋಡಿದಳು. ಅವತ್ತೇ ಅವಳ ತಲೆಯಲ್ಲಿ ವಿಡಿಯೊ ಪಾಠ ಹುಟ್ಟಿದ್ದು.

"ಒಂದು ಸಲ ಚೆನ್ನಾಗಿ ತೆಗೆದರೆ ಸಾವಿರ ಜನ ಸಾವಿರ ಸಲ ನೋಡ್ಬಹುದು. ನಿಮ್ಮ ಹೊಟ್ಟೆ ಯಾರೂ ಹಿಂಡಬೇಕಾಗಿಲ್ಲ," ಅಂದಳು.

ನನ್ನ ಸಲುವಾಗಿ ಅಂದ ಮಾತು. ಅದಕ್ಕೇ ಮೇಜು ಹತ್ತಿದ್ದೆ.

ಆದರೆ ಪ್ರಿನ್ಸಿಪಾಲರಿಗೆ ಆ ಯೋಚನೆ ಬೇರೆ ರೀತಿ ಹಿಡಿಸಿತು. ಮಂಚದ ಪಕ್ಕದ ಪಾಠವನ್ನೇ ನಿಲ್ಲಿಸಿಬಿಟ್ಟರೆ ಹೇಗೆ? ಒಂದು ವರ್ಷ ಒಂದು ತಂಡಕ್ಕೆ ಬರೀ ಪರದೆಯ ಮೇಲೆ ಕಲಿಸಿ ನೋಡೋಣ. ವರ್ಷದ ಕೊನೆಗೆ ಆ ತಂಡದವರನ್ನು ನಿಜವಾದ ರೋಗಿಗಳ ಮುಂದೆ ನಿಲ್ಲಿಸಿ, ಹೊರಗಿನ ಪರೀಕ್ಷಕರಿಂದ ಪರೀಕ್ಷೆ ಮಾಡಿಸೋಣ. ಗೆದ್ದರೆ ವಾರ್ಡಿನ ಪಾಠ ಕಾಯಂ ಬಂದ್. ವಾರ್ಡಿನ ಪಾಠದ ಸ್ಟೂಲುಗಳನ್ನು ತುಂಬಿಟ್ಟಿದ್ದ ಮೂಲೆಯ ಕೋಣೆ ಸ್ಟುಡಿಯೊ. ಸೊಸೆ ಅದಕ್ಕೆ ಮುಖ್ಯಸ್ಥೆ. ಮುಖನೋಡಿ ಮೇಷ್ಟ್ರು ಹೇಗೂ ನಿವೃತ್ತಿಯ ಹೊಸ್ತಿಲಲ್ಲಿದ್ದರು, ಅವರನ್ನು ಯಾರೂ ಕೇಳಲಿಲ್ಲ.

ಆ ವರ್ಷವೆಲ್ಲ ಸೊಸೆ ಕಂಪ್ಯೂಟರಿನ ಮುಂದೆ ಕೂತಳು. ನಾನು ಕಾಫಿ ಲೋಟ ಇಡಲು ಹೋದಾಗಲೆಲ್ಲ ಪರದೆಯ ಮೇಲೆ ನನ್ನ ಹೊಟ್ಟೆ ಇರುತ್ತಿತ್ತು. ಅದನ್ನು ಹಿಂದೆ ಮುಂದೆ ಓಡಿಸುತ್ತಾಳೆ, ದೊಡ್ಡದು ಮಾಡುತ್ತಾಳೆ, ಬಾಣದ ಗುರುತು ಹಾಕುತ್ತಾಳೆ. "ಅಲ್ಲೇ ಇಡಿ ಅತ್ತೆ" ಅನ್ನುತ್ತಾಳೆ, ತಿರುಗಿ ನೋಡದೆ. ಒಳ್ಳೆಯ ಹುಡುಗಿ. ಕೆಲಸ ಹಿಡಿದರೆ ಊಟ ನಿದ್ದೆ ನೆನಪಿರುವುದಿಲ್ಲ.

ಪರೀಕ್ಷೆಗೆ ಕೆಲವು ದಿನಗಳಿದ್ದಾಗ ನನಗೆ ಎಡಗಡೆ ಪಕ್ಕೆಯಲ್ಲಿ ಚುಚ್ಚತೊಡಗಿತು. ಉಸಿರು ಎಳೆದುಕೊಂಡರೆ ಭುಜದವರೆಗೂ ಸೆಳೆತ. ಅವಳಿಗೆ ಸಾವಿರ ತಾಪತ್ರಯ, ಪರೀಕ್ಷೆ ಮುಗಿಯಲಿ ಅಂತ ತುಟಿ ಎರಡು ಮಾಡಲಿಲ್ಲ.

ಆ ಹೊತ್ತಿಗೇ ಅವಳು ಕೇಳಿದ್ದು. "ಅತ್ತೆ, ಪರೀಕ್ಷೆಗೆ ನೀವೂ ಒಂದು ಮಂಚದ ಮೇಲೆ ಮಲಗ್ತೀರಾ? ಬೇರೆಯವರಾದ್ರೆ ಅಮ್ಮಾ ಅಪ್ಪಾ ಅಂತಾರೆ. ಹುಡುಗರು ಗಾಬರಿ ಬೀಳ್ತಾರೆ. ನೀವು ಸಹಿಸ್ಕೋತೀರಿ."

"ಹೂಂ," ಅಂದೆ. ಆದರೆ ಆ ಕೊನೆಯ ಮಾತನ್ನು ಮನಸ್ಸಿನಲ್ಲೇ ತಿರುವಿ ತಿರುವಿ ನೋಡಿದೆ. ಆಡಿದ್ದು ಹೊಗಳಿಕೆಯ ಮಾತೇ. ಕೇಳಿಸಿಕೊಂಡ ನನಗೆ ಹಾಗೆ ಅನ್ನಿಸಲಿಲ್ಲ.

"ಮತ್ತೆ ಹಳೇ ಬುದ್ಧಿ ಬೇಡ," ಅಂತ ಬೆರಳು ತೋರಿಸಿದಳು. ಪರೀಕ್ಷೆಯಲ್ಲಿ ಹೆದರಿ ಬಿಳಿಚಿಕೊಂಡ ಮಕ್ಕಳಿಗೆ ವಾರ್ಡಿನ ನಾವೆಲ್ಲ ಉತ್ತರ ಪಿಸುಗುಟ್ಟುವುದು ಹಿಂದಿನಿಂದ ನಡೆದುಬಂದಿತ್ತು. ಮೇಷ್ಟ್ರಿಗೆ ಅಂಥ ಹೊತ್ತಿನಲ್ಲಿ ಕಿವಿ ಮಂದವಾಗುತ್ತಿತ್ತು. "ಬಾಯಿ ಬಿಡಬಾರದು ಅತ್ತೆ. ಒಂದು ಮಾತೂ ಆಡಬಾರದು."

"ಆಯ್ತಮ್ಮ. ಬಾಯಿಗೆ ಬೀಗ."

ಪರೀಕ್ಷೆಯ ದಿನ ಹೆಂಗಸರ ವಾರ್ಡು ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ಹಸಿರು ಪರದೆಗಳನ್ನು ಒಗೆದು ಹಾಕಿದ್ದರು. ನನ್ನ ಬಲಗಡೆ ಮಂಚದಲ್ಲಿ ಇಸ್ತ್ರಿ ಅಂಗಡಿಯಾಕೆ, ಅವಳಿಗೆ ಲಿವರ್ ತೊಂದರೆ. ಎಡಗಡೆ ಒಬ್ಬಳು ಬಸ್ ಕಂಡಕ್ಟರ್, ಎದೆಯೊಳಗೆ ಏನೋ ಸದ್ದು ಬರುತ್ತದಂತೆ. ಇಬ್ಬರೂ ನನ್ನ ಹಾಗೆ ಹಳಬರು.

"ಏನಕ್ಕಾ, ನಿನ್ನ ಸೊಸೆ ಪರೀಕ್ಷೇನೋ, ಹುಡುಗರ ಪರೀಕ್ಷೇನೋ?" ಅಂದಳು ಕಂಡಕ್ಟರು.

"ಇಬ್ಬರದೂ."

"ನಂದು ಬೇರೆ. ಟಿಕೆಟ್ ಇಲ್ದೆ ಯಾರೂ ಎದೆ ಮುಟ್ಟೋ ಹಾಗಿಲ್ಲ ಅಂತ ಹೇಳಿದೀನಿ."

ನಗು ಬಂತು, ನಗುವಾಗ ಪಕ್ಕೆ ಹಿಡಿದುಕೊಂಡಿತು. ನಗು ಅಲ್ಲೇ ನಿಲ್ಲಿಸಿದೆ.

ಅವರು ಬಂದರು. ಮುಂದೆ ಪ್ರಿನ್ಸಿಪಾಲರು, ಪಕ್ಕದಲ್ಲಿ ಬೆಳ್ಳಗಿನ ಕ್ರಾಪಿನ ಪರೀಕ್ಷಕಿ, ಆಕೆ ಬೇರೆ ಕಾಲೇಜಿನವರು. ಹಿಂದೆ ಸೊಸೆ. ಎಲ್ಲರಿಗಿಂತ ಹಿಂದೆ ಮುಖನೋಡಿ ಮೇಷ್ಟ್ರು. ಅವರಿಗೆ ನೋಡಲು ಅನುಮತಿ, ಮಾತಾಡಲು ಇಲ್ಲ. ಮೊದಲ ಸರದಿ ನನ್ನ ಮಂಚದ್ದು, ಮೊದಲ ಪರೀಕ್ಷಾರ್ಥಿ ದಪ್ಪ ಕನ್ನಡಕದ ಒಬ್ಬ ಹುಡುಗಿ. ಸೊಸೆಯ ಮುಖ ನೋಡಿದರೇ ತಿಳಿಯುತ್ತಿತ್ತು, ತಂಡದಲ್ಲಿ ಇವಳೇ ಜಾಣೆ ಅಂತ.

ಹುಡುಗಿ ನಮಸ್ಕಾರ ಹೇಳಿದಳು, ಚಾದರ ಸರಿಸಿದಳು. ಹೊಕ್ಕುಳ ಪಕ್ಕದಲ್ಲಿ ನನಗೊಂದು ಹಳೇ ಸುಟ್ಟ ಗಾಯದ ಕಲೆ ಇದೆ, ಎಲೆಯ ಆಕಾರದ್ದು. ಅದನ್ನು ಕಂಡದ್ದೇ ಅವಳ ಕಣ್ಣು ಅರಳಿದವು. ಬಗ್ಗಿ, ನನಗೆ ಮಾತ್ರ ಕೇಳುವ ಹಾಗೆ, "ನೀವು ಮೂರನೇ ವಿಡಿಯೊ ಅಲ್ವಾ?" ಅಂದಳು.

ಪರವೂರಿನಲ್ಲಿ ನೆಂಟರು ಸಿಕ್ಕಷ್ಟು ಖುಷಿ ಅವಳಿಗೆ. ನನ್ನ ಬಾಯಿಗೆ ಬೀಗ.

ಮುಂದೆ ಅವಳು ಮಾಡಿದ್ದೆಲ್ಲ ಅಚ್ಚುಕಟ್ಟು. ಅಂಗೈ ಉಜ್ಜಿಕೊಂಡಳು. ಸ್ಟೂಲ್ ಎಳೆದು ಕೂತಳು. ಏನು ಮಾಡುತ್ತಿದ್ದೇನೆ ಅಂತ ಒಂದೊಂದನ್ನೂ ಗಟ್ಟಿಯಾಗಿ ಹೇಳಿದಳು, ಮಾತು ಎಲ್ಲೂ ತಡವರಿಸಲಿಲ್ಲ. ಪ್ರಿನ್ಸಿಪಾಲರು ಪರೀಕ್ಷಕಿಯ ಕಡೆ ನೋಡಿ ಮುಗುಳ್ನಕ್ಕರು. ಹೊಟ್ಟೆಯ ತಳದಲ್ಲಿ ಕೈ ಇಟ್ಟ ಹಾಗೆ ಮಾಡಿದಳು, ಇಟ್ಟಳೋ ಇಲ್ಲವೋ, ಅಲ್ಲಿಂದ ನೇರ ಎಡ ಪಕ್ಕೆಲುಬಿನ ಕೆಳಗೆ ಹೋದಳು. ಹುಡುಕುವುದು ಏನಿದೆ? ಗುಲ್ಮದ ಅಂಚು ಎಲ್ಲಿದೆ ಅಂತ ಅವಳಿಗೆ ಗೊತ್ತು. ಎಷ್ಟು ಸಲ ನೋಡಿದ್ದಾಳೋ.

ಆದರೆ ಅದು ಹೋದ ವರ್ಷದ ಅಂಚು. ಆಮೇಲೆ ಅದು ಬೆಳೆದಿತ್ತು, ಹೊಕ್ಕುಳ ಹತ್ತಿರಕ್ಕೆ ಇಳಿದಿತ್ತು. ಅವಳ ಬೆರಳು ಅಂಚನ್ನು ಬಿಟ್ಟು ಊದಿಕೊಂಡ ಗುಲ್ಮದ ನಡುಮೈಯ ಮೇಲೆ, ಚುಚ್ಚುವ ಜಾಗದ ಮೇಲೇ ಇಳಿಯಿತು. ಪರದೆಯ ಮೇಲೆ ಸೊಸೆ ಎಷ್ಟು ಆಳಕ್ಕೆ ಒತ್ತಿದ್ದಳೋ ಅಷ್ಟೇ ಆಳಕ್ಕೆ ಒತ್ತಿದಳು.

ಕಣ್ಣಿಗೆ ಕತ್ತಲೆ ಬಂತು. ಹಲ್ಲು ಕಚ್ಚಿದೆ. ಚಾದರದ ಕೆಳಗೆ ಕಾಲಿನ ಬೆರಳುಗಳು ಮುದುಡಿಕೊಂಡವು.

ಹುಡುಗಿ ತನ್ನ ಕೈಯನ್ನೇ ನೋಡುತ್ತಿದ್ದಳು. "ಗುಲ್ಮ, ಪಕ್ಕೆಲುಬಿನ ಕೆಳಗೆ ನಾಲ್ಕು ಬೆರಳಷ್ಟು ಇಳಿದಿದೆ. ನೋವಿಲ್ಲ," ಅಂದಳು. ನೋವಿಲ್ಲ ಅಂತ ವಿಡಿಯೊದಲ್ಲಿ ಇತ್ತು. ಆಗ ಇರಲೂ ಇಲ್ಲ.

ಪ್ರಿನ್ಸಿಪಾಲರು ಹುಡುಗಿಯನ್ನು ನೋಡುತ್ತಿದ್ದರು. ಪರೀಕ್ಷಕಿ ತಮ್ಮ ಕೈಯ ಹಾಳೆ ನೋಡುತ್ತಿದ್ದರು. ಮೇಷ್ಟ್ರು ನಿಂತ ಕಡೆಯಿಂದ ನನ್ನ ಮುಖ ಕಾಣುತ್ತಿರಲಿಲ್ಲ, ಪ್ರಿನ್ಸಿಪಾಲರ ಅಗಲ ಬೆನ್ನು ಅಡ್ಡ ಇತ್ತು. ಮಂಚದ ಕಾಲಿನ ಹತ್ತಿರ ನಿಂತಿದ್ದ ಸೊಸೆ ಮಾತ್ರ ನನ್ನನ್ನು ನೋಡುತ್ತಿದ್ದಳು. ಅವಳ ಬಣ್ಣ ಇಳಿದುಹೋಯಿತು. ಅವಳಿಗೆ ಕಂಡಿತು ಅಂತ ನನಗೆ ಗೊತ್ತಾಯಿತು. ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಒಂದು ವರ್ಷದ ಕೆಲಸ, ಸ್ಟುಡಿಯೊ, ಎಲ್ಲ ಆ ಮುಚ್ಚಿದ ತುಟಿಗಳ ಹಿಂದೆ ಇತ್ತು.

"ಮತ್ತೊಮ್ಮೆ ಖಚಿತ ಮಾಡ್ಕೋತೀನಿ," ಅಂತ ಹುಡುಗಿ ಮತ್ತೆ ಕೈ ಊರಲು ಬಂದಳು.

ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ.

"ಮಗಳೇ, ಇಲ್ಲಿ ಮೇಲೆ ನೋಡು. ಹೊಟ್ಟೆಗೆ ಒಂದು ಮುಖವೂ ಇದೆ."

ಪ್ರಿನ್ಸಿಪಾಲರು ಮುಂದೆ ಬಂದರು. "ಅಮ್ಮಾ, ಪರೀಕ್ಷೆ ನಡೀತಾ ಇದೆ. ಪೇಷಂಟು ಮಾತಾಡೋ ಹಾಗಿಲ್ಲ."

"ಪರೀಕ್ಷೆ ನಿಮ್ಮದು ಸ್ವಾಮಿ. ಹೊಟ್ಟೆ ನಂದು."

"ಕೈ ಬಿಡಿ."

"ಬಿಡಲ್ಲ. ಇವಳು ನನ್ನ ಮುಖ ನೋಡೋವರೆಗೂ ಬಿಡಲ್ಲ."

ಹುಡುಗಿ ನೋಡಿದಳು. ಕನ್ನಡಕದ ಹಿಂದೆ ಕಣ್ಣು ದೊಡ್ಡವಾದವು. ನನ್ನ ಹಣೆಯ ಮೇಲೆ ಬೆವರು, ಕಚ್ಚಿಕೊಂಡ ತುಟಿ, ಎಲ್ಲ ಆಗ ಕಂಡಿರಬೇಕು.

"ಅಯ್ಯೋ ಅಮ್ಮಾ... ನೋವಿತ್ತಾ?" ಅವಳ ದನಿ ಒಡೆಯಿತು. "ನಮ್ಮ ವಿಡಿಯೊದಲ್ಲಿ ಮುಖ ಇರ್ಲಿಲ್ಲ."

ನಾನು ಅವಳ ಕೈ ಬಿಟ್ಟು, ಮೊಣಕೈ ಊರಿ ಎದ್ದು ಕೂತೆ. ಎದ್ದು ಕೂರುವುದೇ ಒಂದು ಯುದ್ಧವಾಯಿತು. "ನಂಗೆ ನೋವಾಯ್ತು. ಈ ಕೋಣೆಯಲ್ಲಿ ಇಷ್ಟು ಜನ ಡಾಕ್ಟರು ನಿಂತಿದ್ದೀರಿ. ಯಾರಿಗೆ ಕಂಡಿತು, ಹೇಳಿ."

ಪ್ರಿನ್ಸಿಪಾಲರು ಸೊಸೆಯ ಕಡೆ ತಿರುಗಿ, "ನಿಮ್ಮ ಅತ್ತೆಗೆ ಸ್ವಲ್ಪ ಬುದ್ಧಿ ಹೇಳಿ ಡಾಕ್ಟರೇ," ಅಂದರು.

ಸೊಸೆ ನನ್ನನ್ನು ನೋಡಿದಳು. ಮೊದಲ ದಿನ ನಡುಗುತ್ತ ಕೂತಿದ್ದಾಗ ನೋಡಿದ ಹಾಗೆಯೇ ನೋಡಿದಳು.

"ನನಗೆ ಕಂಡಿತು ಸರ್," ಅಂದಳು. "ಮೊದಲನೇ ಸಲ ಒತ್ತಿದಾಗಲೇ ಕಂಡಿತು. ಸುಮ್ಮನಿದ್ದೆ."

ಪ್ರಿನ್ಸಿಪಾಲರ ಮುಖ ಗಂಟಾಯಿತು. "ಸರಿ, ಇದೊಂದು ಕೇಸು ಬಿಡೋಣ. ಮುಂದಿನ ಮಂಚ."

ಮುಂದಿನ ಮಂಚ ಇಸ್ತ್ರಿ ಅಂಗಡಿಯಾಕೆಯದು. ಅವಳು ಚಾದರವನ್ನು ಗದ್ದದವರೆಗೂ ಎಳೆದುಕೊಂಡು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. "ನಾನು ಸರಿಸಲ್ಲಪ್ಪ."

"ಯಾಕಮ್ಮ? ಒಪ್ಪಿಕೊಂಡಿದ್ರಲ್ಲ?"

"ಬಟ್ಟೆಗೆ ಇಸ್ತ್ರಿ ಹಾಕೋವಾಗ ನಾನು ಬಟ್ಟೆ ನೋಡ್ತೀನಿ. ಬಟ್ಟೆಗೆ ಮುಖ ಇಲ್ಲ, ಅದಕ್ಕೆ. ನಂಗಿದೆ. ಮುಖ ನೋಡೋಕೆ ಕಲಿತ ಮೇಲೆ ಬರ್ಲಿ, ಬೇಕಾದಷ್ಟು ಸಲ ತೋರಿಸ್ತೀನಿ."

ಕಂಡಕ್ಟರ್ ಅಷ್ಟರಲ್ಲಿ ಮಗ್ಗುಲಾಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ಈ ಗಾಡಿ ಮುಂದೆ ಹೋಗಲ್ಲ," ಅಂದಳು ಗೋಡೆಗೇ. ಆಚೆ ಮಂಚದವಳು ಚಾದರ ಎಳೆದುಕೊಂಡಳು. ಅದರಾಚೆಯವಳೂ ಎಳೆದುಕೊಂಡಳು. ವಾರ್ಡಿನ ಉದ್ದಕ್ಕೂ ಚಾದರಗಳ ಸರಬರ ಸದ್ದು ನಡೆದುಕೊಂಡು ಹೋಗಿ ಬಾಗಿಲ ಹತ್ತಿರ ನಿಂತಿತು.

"ಇದೇನು, ಮುಷ್ಕರವಾ?" ಅಂದರು ಪ್ರಿನ್ಸಿಪಾಲರು.

"ನಿಮಗೆ ಏನು ಹೆಸರು ಬೇಕೋ ಇಟ್ಕೊಳ್ಳಿ," ಅಂದೆ.

"ಇಪ್ಪತ್ತೈದು ಜನ ಒತ್ತಿದಾಗ ದೂರು ಕೊಟ್ಟವರೂ ಈ ವಾರ್ಡಿನವರೇ. ಈಗ ಯಾರೂ ಒತ್ತೋದು ಬೇಡ ಅಂದ್ರೆ ಅದಕ್ಕೂ ದೂರು. ನಿಮಗೆ ಬೇಕಾಗಿರೋದಾದ್ರೂ ಏನಮ್ಮ?"

ನ್ಯಾಯವಾದ ಪ್ರಶ್ನೆಯೇ. ನಾನೂ ಯೋಚಿಸಿ ಉತ್ತರ ಕೊಟ್ಟೆ. "ಒಂದು ಸಲಕ್ಕೆ ಐದೋ ಆರೋ ಜನ ಬರ್ಲಿ. ನಮಗೆ ಹುಷಾರಿಲ್ದಿದ್ದ ದಿನ ಬೇಡ ಅಂತೀವಿ, ಬೇಡ ಅಂದ್ರೆ ಹೋಗ್ಬೇಕು. ವಿಡಿಯೊ ಬೇಕಾದ್ರೆ ಮೊದಲೇ ನೋಡಿಕೊಂಡು ಬರ್ಲಿ. ಅದನ್ನು ತೆಗೆಯೋಕೆ ನಾನೇ ಮಲಗಿದ್ದೀನಿ, ಅದರ ಮೇಲೆ ನಂಗೆ ದ್ವೇಷ ಇಲ್ಲ. ಆದ್ರೆ ಕೊನೆಗೆ ಬಂದು ಇಲ್ಲಿ ಕೂತ್ಕೋಬೇಕು. ನಂಗೆ ಅಕ್ಷರ ಬಂದಿದ್ದು ತಲೆ ನರೆತ ಮೇಲೆ, ರಾತ್ರಿ ಶಾಲೆಯಲ್ಲಿ. ಗೋಡೆ ಮೇಲಿನ ಅಕ್ಷರ ತಿಂಗಳುಗಟ್ಟಲೆ ನೋಡಿದೆ. ಬರೆಯೋಕೆ ಬಂದಿದ್ದು ಪಕ್ಕದಲ್ಲಿ ಕೂತವರು ಕೈ ಹಿಡಿದ ಮೇಲೇ."

ಬೆಳ್ಳಗಿನ ಕ್ರಾಪಿನ ಪರೀಕ್ಷಕಿ ಹಾಳೆಯನ್ನು ಮಡಚಿ, ನನ್ನ ಹತ್ತಿರ ಬಂದು ಸ್ಟೂಲಿನ ಮೇಲೆ ಕೂತರು. "ಎಷ್ಟು ದಿನದಿಂದ ನೋವು?" ಅಂತ ಕೇಳಿದರು. ನಾನು ಹೇಳಿದೆ. ಸೊಸೆ ಮಂಚದ ಕಂಬಿ ಹಿಡಿದುಕೊಂಡಳು.

ಪರೀಕ್ಷೆ ಅಲ್ಲಿಗೆ ನಿಂತಿತು. ನನ್ನನ್ನು ಸ್ಕ್ಯಾನಿಂಗಿಗೆ ತಳ್ಳಿಕೊಂಡು ಹೋದರು. ಗುಲ್ಮದ ಒಂದು ಚೂರಿಗೆ ರಕ್ತ ಹೋಗುತ್ತಿಲ್ಲವಂತೆ. ಜೀವಕ್ಕೆ ಅಪಾಯವಿಲ್ಲ, ಆದರೆ ಕೆಲವು ದಿನ ಮಲಗಿಯೇ ಇರಬೇಕು. ಮತ್ತೆ ಅದೇ ಮಂಚ.

ಸಾಯಂಕಾಲ ಮಗ ಊಟದ ಡಬ್ಬಿ ತಂದ. ಡಬ್ಬಿಯನ್ನು ಟಪ್ಪಂತ ಇಟ್ಟ. "ಅವಳ ಒಂದು ವರ್ಷದ ಕೆಲಸ ಅಮ್ಮ. ಮನೆಯಲ್ಲೇ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ? ಎಲ್ಲರ ಮುಂದೆ ಮರ್ಯಾದೆ ತೆಗೆದ್ಯಲ್ಲ."

"ಯಾರ ಮರ್ಯಾದೆನೋ? ಹೊಟ್ಟೆ ತೆರೆದು ಮಲಗಿದ್ದವಳು ನಾನು."

"ಕ್ಷಮೆ ಕೇಳು ಅವಳನ್ನ."

"ಕೇಳಲ್ಲ. ಜಪ್ಪಯ್ಯ ಅಂದ್ರೂ ಕೇಳಲ್ಲ."

ಸೊಸೆ ಯಾವಾಗಲೋ ಬಂದು ಪರದೆಯ ಹತ್ತಿರ ನಿಂತಿದ್ದಳು. "ಅವರು ಯಾಕೆ ಕೇಳ್ಬೇಕು?" ಅಂತ ಗಂಡನಿಗೆ ಹೇಳಿ, ನನ್ನ ಕಡೆ ತಿರುಗಿ ಸಿಡುಕಿದಳು. "ಆದ್ರೆ ನೋವಿದೆ ಅಂತ ನಂಗೆ ಯಾಕೆ ಹೇಳ್ಲಿಲ್ಲ? ನಾನು ಡಾಕ್ಟರಲ್ವಾ? ಒಂದೇ ಮನೆಯಲ್ಲಿದ್ದೀವಿ, ಒಂದೇ ಮೇಜಲ್ಲಿ ಊಟ ಮಾಡ್ತೀವಿ!"

"ನನ್ನ ಹೊಟ್ಟೇನ ವರ್ಷಪೂರ್ತಿ ನೋಡ್ದೆ. ಮುಖ ನೋಡಿ ಎಷ್ಟು ದಿನ ಆಗಿತ್ತು, ನೀನೇ ಹೇಳು."

ಅವಳು ಸ್ಟೂಲ್ ಎಳೆದು ಕೂತಳು. ಡಬ್ಬಿ ಬಿಚ್ಚಿ, ಅನ್ನ ಕಲಸಿ, ತುತ್ತು ಮಾಡಿ ನನ್ನ ಬಾಯಿಗಿಟ್ಟಳು. ಮೊದಲನೆಯ ತುತ್ತನ್ನು ಮುಖ ತಿರುಗಿಸಿಕೊಂಡೇ ತಿಂದೆ. ಸಿಟ್ಟು ಇಬ್ಬರಿಗೂ ಇತ್ತು, ಹಸಿವು ನನಗೊಬ್ಬಳಿಗೇ.

"ಪ್ರಿನ್ಸಿಪಾಲರು ಕರೆದಿದ್ರು," ಅಂದಳು ಆಮೇಲೆ. "ರೋಗಿಗಳು ಸಹಕರಿಸಲಿಲ್ಲ, ಪದ್ಧತಿಯಲ್ಲಿ ದೋಷ ಇಲ್ಲ, ಮಂಚದ ಪಾಠ ನಿಲ್ಲಿಸಬಹುದು ಅಂತ ಬರೆದುಕೊಡಿ ಅಂದ್ರು. ಪರೀಕ್ಷಕಿ ಒಪ್ಪಲಿಲ್ಲ. ನಾನು ಬರೆದುಕೊಟ್ರೆ ಸಾಕಂತೆ."

ಮಗ ಡಬ್ಬಿಯ ಮುಚ್ಚಳ ಹಿಡಿದುಕೊಂಡು ನಿಂತುಬಿಟ್ಟ.

"ನೀನು ಏನಂದೆ?" ಅಂದೆ.

"ಬರೆಯಲ್ಲ ಅಂದೆ. ಹಾಗಾದ್ರೆ ಮುಖ್ಯಸ್ಥೆ ಕುರ್ಚಿ ಮರೆತುಬಿಡಿ ಅಂದ್ರು."

"ಅದಕ್ಕೆ?"

"ಕುರ್ಚಿ ನೀವೇ ಇಟ್ಕೊಳ್ಳಿ ಸರ್, ಮೂಲೆ ಕೋಣೆ ಸ್ಟೂಲುಗಳು ಮಾತ್ರ ವಾಪಸ್ ವಾರ್ಡಿಗೆ ಕಳಿಸಿ ಅಂದೆ." ಅವಳು ಇನ್ನೊಂದು ತುತ್ತು ಕಲಸುತ್ತ ನಕ್ಕಳು, ನಗುವಾಗಲೇ ಕಣ್ಣಿಂದ ಒಂದು ಹನಿ ಡಬ್ಬಿಯೊಳಗೆ ಬಿತ್ತು. "ನನ್ನನ್ನು ಕೆಲಸದಿಂದ ತೆಗೆದ್ರೂ ತೆಗೀಬಹುದು ಅತ್ತೆ."

"ತೆಗೀಲಿ ನೋಡೋಣ. ಈ ವಾರ್ಡಿನ ಚಾದರಗಳೆಲ್ಲ ಇನ್ನೂ ನಮ್ಮ ಕೈಯಲ್ಲೇ ಇವೆ."

ಪಕ್ಕದ ಮಂಚದಿಂದ ಇಸ್ತ್ರಿ ಅಂಗಡಿಯಾಕೆ, "ಬೆಳಿಗ್ಗೆಯಿಂದ ಹಿಡ್ಕೊಂಡು ಹಿಡ್ಕೊಂಡು ಕೈ ನೋಯ್ತಾ ಇದೆ, ಬಿಡಬಹುದಾ ಅಕ್ಕಾ?" ಅಂದಳು.

"ಇನ್ನೂ ಬಿಡಬೇಡ," ಅಂದೆ.

ಪ್ರಿನ್ಸಿಪಾಲರು ಅವಳನ್ನು ತೆಗೆಯಲಿಲ್ಲ. ನಮ್ಮನ್ನು ಒಲಿಸಲು ಎರಡು ಸಲ ಯಾರನ್ನೋ ಕಳಿಸಿದರು. ವಾರ್ಡಿನಲ್ಲಿ ಯಾರೂ ಚಾದರ ಸರಿಸಲಿಲ್ಲ. ಹುಡುಗರಿಗೆ ಯೂನಿವರ್ಸಿಟಿಯ ನಿಜವಾದ ಪರೀಕ್ಷೆ ಹತ್ತಿರ ಬರುತ್ತಿತ್ತು, ಅವರ ತಂದೆ ತಾಯಿಗಳು ಕಾಲೇಜಿನ ಬಾಗಿಲು ತಟ್ಟತೊಡಗಿದರು. ಒಂದು ಬೆಳಿಗ್ಗೆ ವಾರ್ಡಿನ ಆಯಮ್ಮ ಮೂಲೆಯ ಕೋಣೆಯಿಂದ ಸ್ಟೂಲುಗಳನ್ನು ಒಂದರ ಮೇಲೊಂದು ಪೇರಿಸಿ ತಂದಳು. ಹಿಂದೆಯೇ ಲವಂಗದ ವಾಸನೆ ಬಂತು. ಮೇಷ್ಟ್ರ ಜೊತೆ ಸೊಸೆ, ಅವರ ಹಿಂದೆ ಆರೇ ಆರು ಜನ. ಸ್ಟುಡಿಯೊ ಮಾತು ಪೂರ್ತಿ ಸತ್ತಿಲ್ಲ, ಮುಂದಿನ ವರ್ಷ ಮತ್ತೆ ಎತ್ತುತ್ತಾರಂತೆ. ಎತ್ತಲಿ, ನಾವೂ ಇಲ್ಲೇ ಇರುತ್ತೇವೆ.

ಮೊದಲು ಕೂತವಳು ಕನ್ನಡಕದ ಹುಡುಗಿ. ಅಂಗೈ ಉಜ್ಜಿದಳು, ಚರ್ಮ ಕಿತ್ತು ಬರುತ್ತದೇನೋ ಅನ್ನುವಷ್ಟು ಉಜ್ಜಿದಳು.

"ಸಾಕಮ್ಮ, ಬೆಂಕಿ ಹತ್ತೀತು," ಅಂದಳು ಕಂಡಕ್ಟರು.

ಹುಡುಗಿ ಹೊಟ್ಟೆಯ ಬಲಗಡೆ ತಳದಲ್ಲಿ ಕೈ ಇಟ್ಟಳು. ಕಲೆಯ ಕಡೆ ಕಣ್ಣು ಹಾಯಿಸಲಿಲ್ಲ. ನನ್ನ ಮುಖವನ್ನು ಎಷ್ಟು ದಿಟ್ಟಿಸಿ ನೋಡಿದಳೆಂದರೆ, ನನಗೆ ನಗು ತಡೆಯಲಾಗಲಿಲ್ಲ.

"ಕಣ್ಣು ಮಿಟುಕಿಸಬಹುದು ಕಣೇ," ಅಂದೆ.

ಅವಳು ಮಿಟುಕಿಸಲಿಲ್ಲ. ಕೈ ಒಂದೊಂದೇ ಬೆರಳು ಮೇಲೆ ಬಂತು. ಹೊಕ್ಕುಳ ಹತ್ತಿರ ನಿಂತಿತು. ಅಂಚು ಅವಳಿಗೆ ಸಿಕ್ಕಿತು. ಸಿಕ್ಕಿದ್ದು ಅವಳ ಮುಖದಲ್ಲಿ ನನಗೆ ಕಂಡಿತು. ಇನ್ನೂ ಸ್ವಲ್ಪ ಮೇಲೆ ಬಂದಳು. ಅಲ್ಲಿ ನನ್ನ ಹುಬ್ಬು ಅಲುಗಿತೋ ಏನೋ, ಕೈ ಹಗುರಾಯಿತು.

"ನೋವಾ ಅಮ್ಮಾ?"

ಮೇಷ್ಟ್ರು ಲವಂಗ ಅಗಿಯುವುದನ್ನು ನಿಲ್ಲಿಸಿದರು. ಇಷ್ಟು ವರ್ಷ ಆ ಪ್ರಶ್ನೆಗೆ ನಾನು ಕೊಟ್ಟಿದ್ದು ಒಂದೇ ಉತ್ತರ. ಅವರಿಗೆ ಅದು ಬಾಯಿಪಾಠ. ಸೊಸೆಗೂ ಗೊತ್ತು.

"ಹೂಂ," ಅಂದೆ. "ನೋವು. ಅಲ್ಲೇ."